ಬೀಗ ಹಾಕುವಾಗ ಒಳಗಿದ್ದವರು

ಸೆಪ್ಟೆಂಬರ್ 20, ಬುಧವಾರ

ಬಚ್ಚಲ ನಲ್ಲಿ ಸೋರುವುದು ನಿಂತಿತು. ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿತ್ತು, ಸರಿಪಡಿಸಿದೆ. ಸಂಜೆ ಐದಕ್ಕೆ ಮಗ ಬಂದು ಮೊಮ್ಮಗಳನ್ನು ಬಿಟ್ಟ. ವ್ಯಾನಿನ ಎಂಜಿನ್ ಆರಿಸಲೂ ಇಲ್ಲ.

"ಅಪ್ಪಾ, ಪ್ರೋಗ್ರಾಂ ಇದೆ. ಸ್ಪೀಕರೆಲ್ಲ ಲೋಡ್ ಆಗಿದೆ. ಬೆಳಗ್ಗೆ ಸ್ಕೂಲಿಗೆ ನೀವೇ ಬಿಟ್ಬಿಡಿ."

ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಒದಗಿಸುವುದು ಅವನ ಕಸುಬು. ಊರೆಲ್ಲ ಮಲಗಿದ ಮೇಲೂ ಮುಗಿಯದ ಕೆಲಸ. ವಿಚ್ಛೇದನವಾದಂದಿನಿಂದ ನನ್ನ ಮನೆಯೇ ಅವನ ಮನೆ, ವಿಳಾಸಕ್ಕೆ ಮಾತ್ರ. ಮೊದಲು ಮೊಮ್ಮಗಳು ಶನಿವಾರವಷ್ಟೇ ಬರುತ್ತಿದ್ದಳು. ಈ ತಿಂಗಳಲ್ಲಿ ಇದು ಹನ್ನೊಂದನೆಯ ಸಲ. ಕಾರಣ ಕೇಳಲಿಲ್ಲ. ಕೊಡುವ ದೇವರ ಕೈ ಹಿಡಿಯುವವರುಂಟೆ?

ಮೊಮ್ಮಗಳಿಗೆ ವಯಸ್ಸು ಒಂಬತ್ತು. ಸಣಕಲು ದೇಹ, ಮೊನಚು ಮಾತು. ಆದ್ದರಿಂದ ಗುಂಡುಸೂಜಿ ಎಂದು ಕರೆಯುತ್ತೇನೆ. ಇಂದು ಈ ಪುಸ್ತಕದೊಳಗೆ ಇಣುಕಿದಳು.

"ತಾತ, ದಿನಾ ಕೊನೇಲಿ ‘ಒಳಗೆ ಇಬ್ಬರು, ಒಳಗೆ ಒಬ್ಬ’ ಅಂತ ಯಾಕೆ ಬರೀತೀಯ?"

ಹೇಳಿದೆ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆಗಳ ಪರಿವೀಕ್ಷಕನಾಗಿದ್ದೆ. ಮಾದರಿ ತೂಕದ ಬಟ್ಟುಗಳ ಕೋಣೆಗೆ ಬೀಗ ಹಾಕುವ ಮುನ್ನ ಒಳಗೆ ಎಷ್ಟಿವೆ ಎಂದು ಎಣಿಸಿ ಬರೆಯಬೇಕಿತ್ತು. ನಿವೃತ್ತಿಯ ಅನಂತರ ಕೋಣೆ ಹೋಯಿತು, ಅಭ್ಯಾಸ ಉಳಿಯಿತು.

"ಓ. ಯಾರಾದ್ರೂ ಕಳ್ದುಹೋದ್ರೆ ಗೊತ್ತಾಗ್ಲಿ ಅಂತ."



ಬೀಗ: ಒಂಬತ್ತು ಗಂಟೆ. ಒಳಗೆ ಇಬ್ಬರು.

ಸೆಪ್ಟೆಂಬರ್ 23, ಶನಿವಾರ

ಪೆನ್ಸಿಲ್ ಹೆರೆಯುತ್ತ ಗುಂಡುಸೂಜಿ ಕೇಳಿದಳು: "ಇವತ್ತಿಂದು ನೂರಾ ಹದಿನಾರು ಅಲ್ವಾ ತಾತ?"

"ಏನು ನೂರಾ ಹದಿನಾರು?"

"ನಾನು ಇಲ್ಲಿ ಮಲಗಿದ್ದು. ಅಪ್ಪ ಫೋನಲ್ಲಿ ಲಾಯರಿಗೆ ಹೇಳ್ತಿದ್ದ. ನೂರಾ ಇಪ್ಪತ್ತಾದ್ರೆ ಅಮ್ಮಂಗೆ ಕೊಡೋದು ಕಮ್ಮಿ ಮಾಡ್ಬಹುದಂತೆ. ಇನ್ನು ನಾಲ್ಕು ಸಲ ಮಲಗಿದ್ರೆ ಸಾಕು."

ಹೆರೆದ ಸಿಪ್ಪೆಯನ್ನು ಅಂಗೈಯಲ್ಲಿ ಒಟ್ಟುಮಾಡಿ ಬುಟ್ಟಿಗೆ ಹಾಕಿದಳು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ.

ಮಗನಿಗೆ ದೂರವಾಣಿ ಮಾಡಿದೆ. "ಕದ್ದದ್ದಲ್ಲ ಅಪ್ಪಾ. ಡಿವೋರ್ಸ್ ಆರ್ಡರಲ್ಲೇ ಹಾಗಿದೆ. ಮಗು ವರ್ಷಕ್ಕೆ ಅಷ್ಟು ರಾತ್ರಿ ನನ್ನ ಹತ್ರ ಇದ್ರೆ, ಖರ್ಚು ನಂದೂ ಆಯ್ತು ಅಂತ ಲೆಕ್ಕ. ನೀವು ಖುಷಿಯಾಗೇ ಇದ್ರಲ್ಲ?"

ಖುಷಿಯಾಗಿಯೇ ಇದ್ದೆ. ಅದೇ ತಪ್ಪು.

ಬೀಗ: ಒಂಬತ್ತು ಗಂಟೆ. ಒಳಗೆ ಇಬ್ಬರು.

ಸೆಪ್ಟೆಂಬರ್ 30, ಶನಿವಾರ

ನೂರಾ ಇಪ್ಪತ್ತು. ಅವಳೇ ಹೇಳಿದಳು. ಮಲಗುವಾಗ ಹಲ್ಲುಜ್ಜುವ ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡಳು. ಯಾವಾಗಲೂ ಇಲ್ಲಿಯೇ ಬಿಟ್ಟುಹೋಗುತ್ತಿದ್ದಳು.

ಒಳಗೆ ಇಬ್ಬರು.

ಅಕ್ಟೋಬರ್ 7, ಶನಿವಾರ

ಬರಲಿಲ್ಲ. ಬುಧವಾರವೂ ಬರಲಿಲ್ಲ. ಒಳಗೆ ಒಬ್ಬ.

ಅಕ್ಟೋಬರ್ 14, ಶನಿವಾರ

ಒಳಗೆ ಒಬ್ಬ.

ಅಕ್ಟೋಬರ್ 16, ಸೋಮವಾರ

ಮಧ್ಯಾಹ್ನ ಮಗ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು.

"ನಿಮ್ಮ ಡೈರಿ ಬೇಕು. ಡೇಟ್ಸ್ ಸುಳ್ಳು ಅಂತಾಳೆ ಮಗು ಅಮ್ಮ. ತೂಕದ ಇನ್ಸ್‌ಪೆಕ್ಟರ್ ಕೈಬರಹ ತೋರಿಸಿದ್ರೆ ಜಡ್ಜ್ ಎರಡು ಮಾತಾಡಲ್ಲ ಅಂತ ಲಾಯರ್ ಅಂದ್ರು."

"ಪ್ರತಿದಿನದ ಕೊನೆಯ ಸಾಲು ಓದಿದ್ದೀಯಾ?"

ತಿರುವಿ ಹಾಕಿದ. ಒಳಗೆ ಇಬ್ಬರು. ಒಳಗೆ ಇಬ್ಬರು. ನಡುನಡುವೆ ಮೂವರು. ಪುಟ ತಿರುವುವ ಬೆರಳು ನಿಧಾನವಾಯಿತು.

"ರಾತ್ರಿ ಮನೇಲಿ ಕೂತ್ರೆ ದುಡಿಯೋರ್ಯಾರು? ಅತ್ತ ದರಿ, ಇತ್ತ ಪುಲಿ. ವ್ಯಾನಿನ ಕಂತು ಮೂರು ತಿಂಗಳಿಂದ ಬಾಕಿ." ದನಿ ತಗ್ಗಿಸಿದ. "ಸುಳ್ಳು ಬರೀರಿ ಅಂತಿಲ್ಲ. ಬೇರೆ ಪುಸ್ತಕಕ್ಕೆ ನೀಟಾಗಿ ಕಾಪಿ ಮಾಡಿ. ಆ ಒಂದು ಸಾಲು ಬಿಟ್ಬಿಡಿ, ಅಷ್ಟೆ."

"ಬಿಡದಿದ್ದರೆ?"

"ಸೋತ್ಮೇಲೆ ಮಗೂನ ಇಲ್ಲಿಗೆ ಕರ್ಕೊಂಡು ಬಂದು ಏನ್ಮಾಡ್ಲಿ? ಆಮೇಲೆ ಗುಂಡುಸೂಜಿ ಎಲ್ಲಿ ಅಂತ ನನ್ನ ಕೇಳ್ಬೇಡಿ."

ನೀರು ಕೊಟ್ಟೆ. ಕುಡಿಯಲಿಲ್ಲ.

ಒಳಗೆ ಒಬ್ಬ.

ಅಕ್ಟೋಬರ್ 19, ಗುರುವಾರ. ಬೆಳಗ್ಗೆ 11

ಹೊಸ ಪುಸ್ತಕ ತಂದೆ. ಜನವರಿಯಿಂದ ಮಾರ್ಚ್‌ವರೆಗೆ ನಕಲು ಮಾಡಿ ಮುಗಿಸಿದೆ. ಅಕ್ಷರ ಮುದ್ದಾಗಿಯೇ ಬಂದಿದೆ. ಒಂದೂ ಸುಳ್ಳಿಲ್ಲ.

ಒಬ್ಬ ವ್ಯಾಪಾರಿಯ ನೆನಪಾಯಿತು. ಬಟ್ಟು ಸರಿ, ತಕ್ಕಡಿಯ ದಂಡ ಸರಿ, ಮುಳ್ಳು ಸರಿ. ಎರಡು ಸಲ ಪರೀಕ್ಷಿಸಿ ಮುದ್ರೆ ಒತ್ತಿದ್ದೆ. ಮೂರನೆಯ ಸಲ ತಟ್ಟೆಯನ್ನು ಮಗುಚಿ ನೋಡಿದೆ. ಅಡಿಯಲ್ಲಿ ಗೋಲಿ ಗಾತ್ರದ ಮೇಣ.

ಈ ನೂರಾ ಇಪ್ಪತ್ತು ರಾತ್ರಿಗಳಲ್ಲಿ ಮಗನ ತಟ್ಟೆಯ ಅಡಿಗೆ ಅಂಟಿಕೊಂಡಿದ್ದವನು ನಾನು. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದವನು, ಮಗ್ಗಿ ಒಪ್ಪಿಸಿಕೊಂಡವನು, ಜಡೆ ಹೆಣೆಯಲು ಕಲಿತವನು.

ನಕಲನ್ನು ನಿಲ್ಲಿಸಿದೆ. ಹರಿದುಹಾಕಿಲ್ಲ. ಮೇಜಿನ ಖಾನೆಯಲ್ಲಿದೆ... ಇರಲಿ.

ಅಕ್ಟೋಬರ್ 21, ಶನಿವಾರ

ಬಾಗಿಲು ಬಡಿದ ಸದ್ದು. ಓಡಿದೆ. ಗುಂಡುಸೂಜಿಯಲ್ಲ, ಸೊಸೆ. ಕನ್ನಡಕದ ಅಂಗಡಿಯ ಸಮವಸ್ತ್ರದಲ್ಲಿಯೇ ಬಂದಿದ್ದಳು. ಕಾಗದದ ಸಂಬಂಧ ಹರಿದರೂ ಬಾಯಲ್ಲಿ ‘ಮಾವ’ ಹೋಗಿಲ್ಲ. ನಾನೂ ಬೇರೆ ಪದ ಹುಡುಕಿಲ್ಲ.

"ಮಾವಾ, ನಿಮ್ಮನ್ನ ಸಾಕ್ಷಿಗೆ ಕರೆಯಲ್ಲ. ಮಗನ ಎದುರು ನಿಲ್ಲಿಸೋ ಪಾಪ ನಂಗೆ ಬೇಡ."

"ಮತ್ತೇಕೆ ಬಂದೆಯಮ್ಮ?"

"ಹೇಳಿ ಹೋಗೋಣ ಅಂತ. ಅವರು ಕೊಡೋದ್ರಲ್ಲಿ ಮೂರರಲ್ಲೊಂದು ಪಾಲು ಹೋದ್ರೆ ಇಲ್ಲಿ ಬಾಡಿಗೆ ಕಟ್ಟಕ್ಕಾಗಲ್ಲ. ಅಕ್ಕನ ಊರಿಗೆ ಹೋಗ್ತೀವಿ. ರೈಲಲ್ಲಿ ಏಳು ಗಂಟೆ." ಎದ್ದಳು. ನನ್ನ ಕನ್ನಡಕವನ್ನು ತೆಗೆದು, ಸೆರಗಿನಿಂದ ಒರೆಸಿ, ಸಡಿಲವಾಗಿದ್ದ ತಿರುಪನ್ನು ಉಗುರಿನಿಂದಲೇ ಬಿಗಿ ಮಾಡಿ ಕೊಟ್ಟಳು. "ಅವಳು ದಿನಾ ಕೇಳ್ತಾಳೆ, ‘ತಾತಂದು ನಂಬರ್ ಮುಗೀತಾ ಅಮ್ಮ’ ಅಂತ."

ಮೊಮ್ಮಗಳ ಪಾಲಿಗೆ ನಾನು ಮುಗಿದುಹೋದ ಸಂಖ್ಯೆ.

ಒಳಗೆ ಒಬ್ಬ.

ನವೆಂಬರ್ 8, ಬುಧವಾರ

ಸಂಜೆ ಆರಕ್ಕೆ ನ್ಯಾಯಾಲಯದಿಂದ ಬಂದೆ.

ಪುಸ್ತಕಕ್ಕಾಗಿ ಮಗನ ವಕೀಲ ಕೈಚಾಚಿದ. ಚೀಲದಲ್ಲಿ ಎರಡೂ ಪುಸ್ತಕಗಳಿದ್ದವು. ನಕಲನ್ನು ಪೂರ್ತಿ ಮಾಡಿದ್ದೆ, ಮೊನ್ನೆ. ಇದನ್ನು ಇಲ್ಲಿ ಬರೆಯದೆ ಉಳಿದದ್ದು ನಾಚಿಕೆಯಿಂದ. ಹೊಸ ರಟ್ಟು ಬೆರಳಿಗೆ ಸಿಕ್ಕಿತು. ಬಿಟ್ಟೆ. ಹಳೆಯದನ್ನು ತೆಗೆದು, ವಕೀಲನ ಕೈಗಲ್ಲ, ನೇರವಾಗಿ ಪೀಠದ ಗುಮಾಸ್ತನಿಗೆ ಕೊಟ್ಟೆ.

ನ್ಯಾಯಾಧೀಶೆ ಬಹಳ ಹೊತ್ತು ಓದಿದರು.

"ಈ ‘ಇಬ್ಬರು’ ಅಂದ್ರೆ ಯಾರ್‍ಯಾರು?"

"ನಾನು ಮತ್ತು ಮೊಮ್ಮಗಳು."

"ತಂದೆ?"

"ಅವನಿದ್ದ ದಿನ ‘ಮೂವರು’ ಎಂದಿರುತ್ತದೆ."

"ಎಷ್ಟು ದಿನ ಹಾಗಿದೆ?"

"ಮೂವತ್ತೊಂದು."

ಮಗ ತನ್ನ ಬೂಟಿನ ದಾರವನ್ನು ನೋಡುತ್ತಿದ್ದ. ಅವನಿಗೆ ಆ ಗಂಟು ಕಲಿಸಿದವನೂ ನಾನೇ.

ಜೀವನಾಂಶದ ಮೊತ್ತದಲ್ಲಿ ಬದಲಾವಣೆಯಿಲ್ಲ. ಇನ್ನು ಮುಂದೆ ತಂದೆ ಸ್ವತಃ ಮನೆಯಲ್ಲಿದ್ದ ರಾತ್ರಿಗಳನ್ನಷ್ಟೇ ಎಣಿಸತಕ್ಕದ್ದು ಎಂದು ಆಜ್ಞೆ. ಈ ಪುಸ್ತಕವನ್ನು ನನಗೆ ಮರಳಿಸಿದರು. ಸೊಸೆ ಈ ಊರಿನಲ್ಲಿಯೇ ಉಳಿಯುತ್ತಾಳೆ. ಮೆಟ್ಟಿಲ ಬಳಿ ಮಗ ತಡೆದ.

"ರಿಟೈರಾದ್ರೂ ತಕ್ಕಡಿ ಕೆಳಗಿಡ್ಲಿಲ್ಲ ನೀವು. ಸ್ವಂತ ಮಗನ್ನೂ ತೂಗಿಬಿಟ್ರಿ."

"ನನ್ನನ್ನು ತೂಗಿಕೊಂಡೆ."

"ಸರಿ. ಇನ್ನು ಒಬ್ರೇ ಕೂತ್ಕೊಂಡು ಎಣಿಸಿ."

ವ್ಯಾನಿನ ಬಾಗಿಲನ್ನು ಎರಡು ಸಲ ಹಾಕಿದ. ಮೊದಲ ಸಲ ಬಾಗಿಲು ಸರಿಯಾಗಿ ಕೂತಿರಲಿಲ್ಲ.

ಒಳಗೆ ಒಬ್ಬ.

ನವೆಂಬರ್ 11, ಶನಿವಾರ. ರಾತ್ರಿ 8.50

ಮಗ ಮೂರು ದಿನಗಳಿಂದ ಮನೆಗೆ ಬಂದಿಲ್ಲ. ಗಡಿಯಾರ ಸರಿಯಾಗಿದೆ. ನಲ್ಲಿ ಮತ್ತೆ ಸೋರುತ್ತಿದೆ. ನಕಲು ಪುಸ್ತಕವನ್ನು ಬೆಳಗ್ಗೆ ರದ್ದಿಗೆ ಹಾಕಿದೆ. ಗುಂಡುಸೂಜಿಯ ಹಾಸಿಗೆಯ ಹೊದಿಕೆಯನ್ನು ಒಗೆದು ಹಾಸಿದ್ದೇನೆ, ಕಾರಣವೇನೂ ಇಲ್ಲ. ಕೊಳೆಯಾಗಿತ್ತು.

8.56. ಬೀಗ ಕೈಯಲ್ಲಿದೆ. ಕೆಳಗೆ ಮಗನ ವ್ಯಾನಿನ ಎಂಜಿನ್ ಸದ್ದು. ಆರಿತು. ಅವನು ಎಂಜಿನ್ ಆರಿಸುವವನಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ. ಎರಡೆರಡು ಮೆಟ್ಟಿಲು ಹಾರುವ ಒಂದು ಜೊತೆ. ಹಿಂದೆ, ತಿರುವಿನಲ್ಲಿ ನಿಂತು ಉಸಿರೆಳೆದುಕೊಳ್ಳುವ ಇನ್ನೊಂದು. ಲೆಕ್ಕಕ್ಕಾಗಿ ಬಂದನೋ, ಮಗಳಿಗಾಗಿ ಬಂದನೋ ತಿಳಿಯದು. ಮೇಣವೋ ಚಿನ್ನವೋ, ಇವತ್ತು ತಟ್ಟೆ ಮಗುಚಿ ನೋಡಲಾರೆ.

ಬಾಗಿಲು ಬಡಿಯುತ್ತಿದ್ದಾಳೆ. "ತಾತಾ, ಇನ್ನೂ ಬರ್ದಿಲ್ಲ ತಾನೆ?"

ಬೀಗ: ಒಂಬತ್ತು ಗಂಟೆ. ಒಳಗೆ