ಮತ್ತೆ ಮತ್ತೆ ಬರುವ ಪಾಚಿ

ಮಂಗಳವಾರ, ಆಗಸ್ಟ್ 19

ಅಕ್ವೇರಿಯಂನಲ್ಲಿ ಮತ್ತೆ ಪಾಚಿ. ಮೊನ್ನೆ ಭಾನುವಾರವಷ್ಟೇ ಗಾಜು ಉಜ್ಜಿ, ಅರ್ಧ ನೀರು ಬದಲಿಸಿದ್ದೆ. ಆಗಲೇ ಗಿಡದ ಎಲೆಗಳಿಗೆಲ್ಲ ನೂಲಿನಂತೆ ಹಸಿರು ಹತ್ತಿಕೊಂಡಿದೆ. ಲೈಟು ಹೆಚ್ಚು ಹೊತ್ತು ಉರಿದರೆ ಹೀಗಾಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಅದಕ್ಕೇ ಮಗಳ ಮೇಲೆ ರೇಗಿದ್ದೆ. "ನಾನು ಸ್ವಿಚ್ ಮುಟ್ಟೇ ಇಲ್ಲಮ್ಮ" ಅಂತ ಕವನ ಅತ್ತೇಬಿಟ್ಟಿದ್ದಳು.

ಇವತ್ತು ರಜೆ ಹಾಕಿ ಮನೆಯಲ್ಲಿದ್ದೆ. ಪಾಚಿಯ ನಿಜವಾದ ಕಾರಣ ಕಣ್ಣಿಗೆ ಬಿತ್ತು. ಬೆಳಗ್ಗೆ ಇವರು ಮೀನಿಗೆ ಫುಡ್ ಹಾಕಿದರು. ಪೇಪರ್ ಓದಿ ಎದ್ದವರು ಮತ್ತೆ ಹಾಕಿದರು. ಊಟವಾದ ಮೇಲೆ ಮತ್ತೆ ಡಬ್ಬಿ ಕೈಗೆತ್ತಿಕೊಂಡರು.

"ಆಗಲೇ ಹಾಕಿದ್ರಲ್ಲ ರೀ?"

"ನಾನಾ? ಇಲ್ಲ ಮಾರಾಯ್ತಿ, ಬೆಳಗ್ಗಿಂದ ಉಪವಾಸ ಇದಾವೆ ಪಾಪ."

ತಮಾಷೆ ಮಾಡುತ್ತಿರಲಿಲ್ಲ. ಮೀನು ತಿನ್ನದೆ ಬಿಟ್ಟದ್ದೆಲ್ಲ ತಳದಲ್ಲಿ ಕೊಳೆತು ಪಾಚಿಗೆ ಗೊಬ್ಬರವಾಗಿದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದೆ ಲೇತ್ ಓಡಿಸಿದ ಮನುಷ್ಯ. ಇನ್ನೂ ಅರವತ್ತೂ ಆಗಿಲ್ಲ. ಡಾಕ್ಟರಿಗೆ ತೋರಿಸಬೇಕು. ಏನಂತ ಹೇಳಿ ಕರೆದುಕೊಂಡು ಹೋಗಲಿ?

ಸಂಜೆ ಫುಡ್ಡನ್ನೆಲ್ಲ ಅಡುಗೆಮನೆಯಲ್ಲಿ ಬಚ್ಚಿಟ್ಟು, ಖಾಲಿ ಡಬ್ಬಿಯನ್ನು ಅದರ ಜಾಗದಲ್ಲೇ ಇಟ್ಟೆ. ಇವರು ಬಂದು ಅದನ್ನೇ ನೀರಿನ ಮೇಲೆ ಬಗ್ಗಿಸಿ ತಟ್ಟಿದರು. ಮೀನುಗಳು ಮೇಲೆ ಬಂದು ಬಾಯಿ ಬಿಟ್ಟವು. ಏನೂ ಸಿಗದೆ ಗಿಡಗಳ ಸಂದಿಗೆ ಹಿಂದಿರುಗಿದವು.

"ಹೊಟ್ಟೆ ತುಂಬ್ತು ನೋಡು" ಅಂತ ಇವರು ನಕ್ಕರು.

"ಹೂಂ ರೀ, ತುಂಬ್ತು" ಅಂದೆ.