ಆಣೆ ಇಡದವಳು

ಜೂನ್ 3, ಸೋಮವಾರ

ಬ್ಯಾಂಕ್ ಮೇಡಂ ಸೀರೆಯ ಕುಚ್ಚು ಮುಗಿಯಿತು. ಬ್ಲೌಸುಗಳು ಹಾಗೇ ಬಿದ್ದಿವೆ. ಮೆಷಿನ್ ಮುಂದೆ ಕೂತರೆ ಸಾಕು, ಫೋನು ಕುಂಯ್ ಅನ್ನುತ್ತದೆ. ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಅದೇ ಜಗಳ — ಸೀರಿಯಲ್ಲಿನ ಮೇದಿನಿ ಅತ್ತೆಮನೆಗೆ ವಾಪಸ್ ಹೋಗಬೇಕೋ ಬೇಡವೋ. ಬರೆಯುವವನೂ ಇಷ್ಟು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಸಿರಾದ ರೇಣುಕಪ್ರಸಾದ್ ಹೋಗಬೇಕು ಅನ್ನುತ್ತಾನೆ. ‘ಮೇದಿನಿ ಅಭಿಮಾನಿ ಬಳಗ’ಕ್ಕೆ ಅವನೂ ಅಡ್ಮಿನ್, ನಾನೂ ಅಡ್ಮಿನ್. ಅತ್ತೆಮನೆ ಅಂದರೆ ಅವನಿಗೇನು ಗೊತ್ತು, ಮಣ್ಣು!

ಲಾವಣ್ಯ ಮಾತ್ರ ನನ್ನ ಪರ. ಪಾವಗಡದ ಕಡೆ ವಳ್ಳೂರಿನ ಹುಡುಗಿ. "ಯಶೋದಕ್ಕ ಹೇಳಿದ ಮೇಲೆ ಅಯಿಪೋಯಿಂದಿ, ಮುಗೀತು, ಇನ್ನೇನೈತೆ" ಅಂತ ಬರೆದಿದ್ದಳು. ಅವಳ ಅರ್ಧ ತೆಲುಗು ಓದಿ ನಕ್ಕೂ ನಕ್ಕೂ ಸಾಕಾಯಿತು.

ಇವರು ಅಂಗಡಿಗೆ ಹೊರಡುವಾಗ, "ಆ ಫೋನ್ಗೇ ಮುದ್ದೆ ಕಟ್ಟಿಕ್ಕು, ನಂಗ್ಯಾಕೆ" ಅಂದರು. ಮೋಟಾರ್ ವೈಂಡಿಂಗ್ ಮಾಡುವವರಿಗೆ ಸೀರಿಯಲ್ ರುಚಿ ಎಲ್ಲಿಂದ ಬರಬೇಕು.

ಜೂನ್ 5, ಬುಧವಾರ. ಮಧ್ಯಾಹ್ನ

ಅಕ್ಷರ ಸೊಟ್ಟ ಬೀಳುತ್ತಿದೆ.

ಗ್ರೂಪಿನಲ್ಲಿ ಇನ್ನೊಬ್ಬಳು ‘ಯಶೋದ ಮಧುಗಿರಿ’ ಬಂದಿದ್ದಾಳೆ. ನನ್ನದೇ ಹೆಸರು, ನನ್ನದೇ ಫೋಟೋ. ಹೋದ ತಿಂಗಳು ಗ್ರೂಪಿನವರೆಲ್ಲ ಸಿದ್ದರಬೆಟ್ಟದಲ್ಲಿ ಸೇರಿದ್ದೆವಲ್ಲ, ಆಗ ಲಾವಣ್ಯ ತೆಗೆದದ್ದು. ಹಸಿರು ಸೀರೆ, ಗಾಳಿಗೆ ಸೆರಗು ಹಾರಿದೆ, ನಾನು ಬಾಯಿ ತುಂಬ ನಗುತ್ತಿದ್ದೇನೆ. ಕೆಳಗೆ — "ನಿಮ್ಮ ಮೇದಿನಿಗಿಂತ ನಾನೇ ಚೆನ್ನಾಗಿದ್ದೀನಿ, ನೋಡ್ರೋ. ಈ ಗ್ರೂಪಿನವರೆಲ್ಲ ಕೆಲಸಕ್ಕೆ ಬಾರದ ದಂಡಪಿಂಡಗಳು."

ಅಯ್ಯೋ ದೇವರೇ. ನಾನು ಬರೆದೆನಾ ಇದನ್ನ?

ನಮ್ಮದು ಯಾರು ಬೇಕಾದರೂ ನೋಡುವಂಥ ಗ್ರೂಪು. ನಾನು ನೋಡುವಷ್ಟರಲ್ಲಿ ಎಲ್ಲೆಲ್ಲಿಯ ಗಂಡಸರೋ ಮುತ್ತಿಕೊಂಡಿದ್ದಾರೆ. "ಹೌದು ಆಂಟಿ, ನೀವೇ ಸೂಪರ್." "ಇನ್ನೊಂದು ಫೋಟೋ ಹಾಕಿ." ಉಳಿದದ್ದನ್ನು ಇಲ್ಲಿ ಬರೆಯಲಾರೆ. ಇದನ್ನು ಯಾರೂ ಓದುವುದಿಲ್ಲ. ಆದರೂ ಬರೆಯಲಾರೆ.

ರೇಣುಕಪ್ರಸಾದ್ ಫೋನ್ ಮಾಡಿ, "ಅಕ್ಕಾ... ನೀವೇನಾ?" ಅಂದ.

"ನೀವೇನಾ ಅಂತ ಕೇಳಕ್ಕೆ ನಿಂಗೆ ಬಾಯಾದ್ರೂ ಹೆಂಗೆ ಬಂತಪ್ಪ?"

ಗ್ರೂಪಿನಿಂದ ತೆಗೆದು ರಿಪೋರ್ಟ್ ಹೊಡೆದೆವು. ಒಂದು ಪೋಸ್ಟ್ ಹೋಯಿತು. ಸಂಜೆಯೊಳಗೆ ಆ ಅಕೌಂಟಿನಲ್ಲೇ ಇನ್ನೊಂದು ಬಂತು.

ಜೂನ್ 7, ಶುಕ್ರವಾರ

ಬ್ಲೌಸ್ ಅಳತೆ ಕೊಡಲು ಬಂದವಳೊಬ್ಬಳು, "ಹಸ್ರು ಸೀರೆ ನಿಮಗೆ ಚೆನ್ನಾಗೊಪ್ತೈತೆ ಕಣಕ್ಕ" ಅಂದಳು. ಈ ಮನೆಯಲ್ಲಿ ಆ ಸೀರೆ ಉಟ್ಟು ಅವಳ ಮುಂದೆ ಒಂದು ದಿನವೂ ನಿಂತಿಲ್ಲ. ಅಳತೆ ಟೇಪು ಕೈಯಿಂದ ಜಾರಿತು. ಒಲೆ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಮಾನ ಹೋಯಿತು. ಊರಿಗೆಲ್ಲ ಗೊತ್ತಾಗಿದೆ.

ಸ್ಟೇಷನ್‌ಗೆ ಹೋಗೋಣ ಅಂದೆ. ಇವರು ಒಪ್ಪಲಿಲ್ಲ. "ಆ ಮೆಟ್ಲು ಹತ್ತಿದ್ರೆ ಇನ್ನೂ ನಾಕ್ ಜನಕ್ಕೆ ಗೊತ್ತಾಗ್ತದೆ. ಸುಮ್ಕೆ ಗ್ರೂಪ್ ಬುಟ್ಬುಡು, ಎಲ್ಲ ಸರಿಹೋಗ್ತೈತೆ."

"ನಾನ್ಯಾಕೆ ಬಿಡ್ಲಿ? ಕಳ್ಳತನ ಮಾಡಿದೋರು ಬಿಡ್ಲಿ!"

ಬಿಡುವುದಿಲ್ಲ. ಕಟ್ಟಿದ್ದು ನಾನು. ನಮ್ಮೂರು, ಕೊರಟಗೆರೆ, ಸಿರಾ, ಪಾವಗಡ, ನಾಲ್ಕೂ ಕಡೆಯ ಹೆಂಗಸರು ನನ್ನನ್ನು ಅಕ್ಕ ಅನ್ನುತ್ತಾರೆ. ಬೇರೆಲ್ಲಿ ಯಾರು ಅನ್ನುತ್ತಾರೆ ನನ್ನನ್ನು?

ಒಂದು ಯೋಚನೆ ತಲೆಯಿಂದ ಹೋಗುತ್ತಿಲ್ಲ. ಆ ಫೋಟೋ ಗ್ರೂಪಿಗೆ ಹಾಕಿರಲಿಲ್ಲ. ಲಾವಣ್ಯ ನನಗೊಬ್ಬಳಿಗೇ ಕಳಿಸಿದ್ದಳು. ಅವಳ ಫೋನಿನಲ್ಲಿದೆ, ನನ್ನ ಫೋನಿನಲ್ಲಿದೆ. ನಾನಂತೂ ಹಾಕಿಲ್ಲ.

ಜೂನ್ 8, ಶನಿವಾರ

ಯಾಕೆ ಮುಂಚೆಯೇ ಹೊಳೆಯಲಿಲ್ಲ! ನನ್ನ ತವರಿನಲ್ಲಿ ಓಲೆ ಕಳೆದರೂ ಕೋಳಿ ಕಳೆದರೂ ಮಾಡುವುದು ಒಂದೇ — ಊರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಇಡು. ಕಳ್ಳನಾದವನು ಬರುವುದಿಲ್ಲ. ಅಲ್ಲಿಗೇ ಗೊತ್ತಾಗಿಬಿಡುತ್ತದೆ.

ಗ್ರೂಪಿನಲ್ಲಿ ಹಾಕಿದೆ. ಸಿದ್ದರಬೆಟ್ಟಕ್ಕೆ ಬಂದವರೆಲ್ಲ ಮನೆದೇವರ ಮುಂದೆ ಕರ್ಪೂರ ಹಚ್ಚಿ, "ಆ ಅಕೌಂಟ್ ನನ್ನದಲ್ಲ" ಅಂತ ವಿಡಿಯೋ ಕಳಿಸಬೇಕು. ಮೊದಲು ನನ್ನದೇ. ಕರ್ಪೂರ ತಂದುಕೊಟ್ಟವರು ಇವರು. ವಿಡಿಯೋ ಹಿಡಿದವರೂ ಇವರೇ. ಮುಗಿದ ಕೂಡಲೇ ಫೋನು ನನ್ನ ಕೈಗಿಟ್ಟು ಅಂಗಡಿಗೆ ಹೊರಟರು.

ಸಂಜೆಯೊಳಗೆ ರೇಣುಕಪ್ರಸಾದ್ ಕಳಿಸಿದ. ಎಲ್ಲರೂ ಕಳಿಸಿದರು. ಲಾವಣ್ಯ ಇಲ್ಲ.

ಜೂನ್ 10, ಸೋಮವಾರ

ಲಾವಣ್ಯಳ ಮೆಸೇಜ್ ಬಂತು. ನನಗೊಬ್ಬಳಿಗೇ. "ಅಕ್ಕ, ನಾನಲ್ಲ. ನಿಜವಾಗ್ಲೂ ನಾನಲ್ಲ. ಆದ್ರೆ ಆಣೆ ಒಂದು ಕೇಳ್ಬ್ಯಾಡಿ, ಇಪ್ಪುಡು ಕಾದು, ಈಗ ಬ್ಯಾಡ. ಯಾಕೆ ಅಂತ ಆಮ್ಯಾಕೆ ಹೇಳ್ತೀನಿ."

ಮೈಯೆಲ್ಲ ಉರಿಯಿತು. ನಕ್ಕು ನಕ್ಕು ನನ್ನ ಬೆನ್ನಿಗೇ ಚೂರಿ! "ತಪ್ಪು ಮಾಡದವಳಿಗೆ ಕರ್ಪೂರ ಸುಡುತ್ತಾ?" ಅಂತ ಬರೆದೆ. ಅವಳ ಮೆಸೇಜ್, ನನ್ನ ಉತ್ತರ, ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ. ಅವಳನ್ನು ತೆಗೆದೆ. ಎಷ್ಟೊಂದು ಚಪ್ಪಾಳೆ ಬಿತ್ತು. ರೇಣುಕಪ್ರಸಾದ್ ಕೂಡ "ಅಕ್ಕ ಅಂದ್ರೆ ಅಕ್ಕ" ಅಂದ.

ಹೊಟ್ಟೆ ತುಂಬ ಊಟ ಮಾಡಿದೆ. ಎಷ್ಟು ದಿನವಾಗಿತ್ತು.

ಜೂನ್ 14, ಶುಕ್ರವಾರ

ಆ ಅಕೌಂಟಿನ ಸದ್ದಿಲ್ಲ. "ನೋಡಿದ್ರಾ, ಸಿಕ್ಕಿಬಿದ್ದ ಮೇಲೆ ಬಾಯಿ ಬಂದ್" ಅಂತ ಎಲ್ಲರೂ.

ಗ್ರೂಪಿನಲ್ಲಿ ಯಾರೋ ಲಾವಣ್ಯಳ ಫೋಟೋ ಹಾಕಿ ‘ಕಳ್ಳಿ’ ಅಂತ ಬರೆದಿದ್ದಾರೆ. ಅವಳ ಗಂಡ ರಾಮಾಂಜನೇಯನ ನಂಬರ್ ಕೂಡ ಸಿಕ್ಕಿದೆ ಅವರಿಗೆ. ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. "ನಿನ್ನ ಹೆಂಡ್ತಿ ಹಿಂಗೆ" ಅಂತ ಎಲ್ಲರೂ ಸೇರಿ ಕಳಿಸುತ್ತಿದ್ದಾರಂತೆ. ಅವಳಿಗೆ ಬಂಜೆ ಅಂತಲೂ ಒಬ್ಬಳು ಬರೆದಿದ್ದಳು.

ನಾನು ಅಡ್ಮಿನ್. ಒಂದು ಬೆರಳು ಒತ್ತಿದರೆ ಅಳಿಸಿ ಹೋಗುತ್ತದೆ. ಒತ್ತಲಿಲ್ಲ. ಸ್ವಲ್ಪ ಅನುಭವಿಸಲಿ ಅನ್ನಿಸಿತು.

ಜೂನ್ 22, ಶನಿವಾರ

ಎಲ್ಲಿಂದ ಶುರು ಮಾಡಲಿ.

ಮಧ್ಯಾಹ್ನ ಇವರು ಊಟಕ್ಕೆ ಬಂದಿದ್ದರು. ಮುದ್ದೆ ಬಡಿಸಿ ನಾನು ಮೆಷಿನ್ ಮುಂದೆ ಕೂತಿದ್ದೆ. ಫೋನ್ ಬಂತು. ಕೈ ಬಿಡುವಿಲ್ಲ ಅಂತ ಸ್ಪೀಕರ್‌ಗೆ ಹಾಕಿದೆ.

"ಯಶೋದಮ್ಮ ಅಂದ್ರೆ ನೀನೇನಾ? ನಾನು ಲಾವಣ್ಯನ ಅತ್ತೆ, ನರಸಮ್ಮ, ವಳ್ಳೂರು."

ಹೇಳಿ ಅಂದೆ. ಸ್ವಲ್ಪ ಬಿಗಿಯಾಗಿಯೇ ಅಂದೆ.

"ನಮ್ ಹುಡ್ಗಿ ಬಸ್ರಿ ಕಣಮ್ಮ. ಎರಡ್ ಸತಿ ಹೋಗಿ ಇದೊಂದು ನಿಂತೈತೆ. ಐದ್ ತಿಂಗ್ಳು ತುಂಬೋಗಂಟ ಯಾರ್ಗೂ ಬಾಯ್ ಬಿಡ್ಬ್ಯಾಡ ಅಂದೋಳು ನಾನು. ಬಸ್ರಿ ಹೆಂಗ್ಸು ಎಲ್ಲಾದ್ರೂ ಆಣೆ ಇಡ್ತಾಳೇನಮ್ಮ? ಹೊಟ್ಟೇಲಿರೋ ಬಿಡ್ಡ ಮ್ಯಾಲೆ ಇಟ್ಟಂಗಲ್ವಾ ಅದು? ನಿಮ್ ಕಡೆ ಇದೆಲ್ಲ ಇಲ್ವಾ?"

ಇದೆ. ನಮ್ಮ ಕಡೆಯೂ ಇದೆ. ತವರಿನಲ್ಲಿ ಆಣೆಗೆ ಕರೆಯುವಾಗ ಬಸುರಿಯರನ್ನು ಮೊದಲೇ ಪಕ್ಕಕ್ಕೆ ಕೂರಿಸುತ್ತಿದ್ದರು. ಕಣ್ಣಾರೆ ಕಂಡವಳು ನಾನು. ಫೋನಿನಲ್ಲಿ ಯಾರ ಹೊಟ್ಟೆ ಕಾಣುತ್ತದೆ? ಹೀಗಂತ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಕೇಳಬಹುದಿತ್ತು. ಯಾಕಮ್ಮ, ಏನಾಗಿದೆ ಅಂತ ಒಂದು ಮಾತು.

"ನನ್ ಮಗನ್ನ ಕೆಲ್ಸದ ತಾವ ಎಲ್ರೂ ಆಡ್ಕಂತಾರೆ. ಅವ್ನು ಇವಳ ತಾವ ಮಾತೇ ಬುಟ್ಟವ್ನೆ. ಹೆರಿಗೆ ಆದ್ಮೇಲೆ ಆಣೆ ಇಡು, ಅಲ್ಲೀಗಂಟ ತವರಲ್ಲಿರು ಅಂತವ್ನೆ. ಹುಡ್ಗಿ ಅನ್ನ ಬುಟ್ಟವ್ಳೆ. ಅನ್ನ ಬುಟ್ರೆ ಇದೂ ಉಳಿಯಲ್ಲ ಕಣಮ್ಮ. ನೀನೇ ಹತ್ಸಿದ್ದು ಬೆಂಕಿ, ನೀನೇ ಆರ್ಸು."

ಫೋನ್ ಇಟ್ಟಳು. ಇವರ ಕೈ ತಟ್ಟೆಯಲ್ಲೇ ನಿಂತಿತ್ತು. ಅರ್ಧ ಮುದ್ದೆ ಬಿಟ್ಟು ಎದ್ದು ಹೋದರು. ಅಂಗಡಿಗಲ್ಲ, ಹಿತ್ತಿಲಿಗೆ. ಬಹಳ ಹೊತ್ತು ಬಿಟ್ಟು ಒಳಗೆ ಬಂದು ನನ್ನ ಮುಖ ನೋಡದೆ ಹೇಳಿದರು.

"ಅದು ಮಾಡಿದ್ದು ನಾನೇ ಕಣೆ."

ನನಗೆ ಅರ್ಥವಾಗಲಿಲ್ಲ. ಏನು ಮಾಡಿದ್ದು ಅಂತ ಕೇಳಿದೆ.

"ಆ ಅಕೌಂಟು. ಫೋಟೋ ನಿನ್ ಫೋನಿಂದ್ಲೇ ಕಳಿಸ್ಕಂಡೆ. ಅಂಗಡೀಗೆ ಬಂದೋರೆಲ್ಲ ರಂಗೇಶಣ್ಣ, ನಿಮ್ಮೋರು ಭಾರಿ ಫೇಮಸ್ಸು ಅಂತ ನಗೋರು. ಮನೇಗೆ ಬಂದ್ರೆ ನೀನು ಅದ್ರಾಗೇ ಇರೋಳು. ಬೈದ್ರೆ ನೀನು ಬಿಡಲ್ಲ. ಗ್ರೂಪ್ನೋರೇ ನಿನ್ನ ತೆಗೆದಾಕ್ಲಿ ಅಂತ ಅಂಗೆ ಬರೆದೆ. ಗಂಡಸ್ರು ಅಂಗೆಲ್ಲ ಬರೀತಾರೆ ಅಂತ ನಂಗೇನ್ ಗೊತ್ತು."

"ಲಾವಣ್ಯ ಅಂತ ಎಲ್ರೂ ಅಂದಾಗ?"

"...ಅವ್ಳು ಬಸ್ರಿ ಅಂತ ಗೊತ್ತಿದ್ರೆ ಆವತ್ತೇ ಹೇಳ್ಬುಡ್ತಿದ್ದೆ. ಬಸ್ರೀನ ಆಣೆಗೆ ಎಳೆದ ಪಾಪ ಸುಮ್ನೆ ಬುಡಲ್ಲ."

"ಬಸ್ರಿ ಅಲ್ಲದಿದ್ರೆ ಪರ್ವಾಗಿರಲಿಲ್ವಾ?"

ಕೇಳಿದ ನನಗೆ ಏನು ಹಕ್ಕಿದೆ? ನಾನೂ ಇವತ್ತು ಅತ್ತದ್ದು ಬಸುರಿ ಅಂತ ಕೇಳಿದ ಮೇಲೆಯೇ.

ಜೂನ್ 23, ಭಾನುವಾರ

ಲಾವಣ್ಯಳ ಬಗ್ಗೆ ಇದ್ದದ್ದನ್ನೆಲ್ಲ ಅಳಿಸಿದೆ. ಅವಳನ್ನು ವಾಪಸ್ ಸೇರಿಸಿದೆ. "ಲಾವಣ್ಯ ತಪ್ಪು ಮಾಡಿಲ್ಲ, ನನ್ನಿಂದ ತಪ್ಪಾಯಿತು" ಅಂತ ಹಾಕಿದೆ. ಒಬ್ಬರೂ ನಂಬಲಿಲ್ಲ. "ಹಾಗಾದ್ರೆ ಯಾರು?" "ಆಣೆ ಇಟ್ಟಳಾ?" "ಅಕ್ಕನ್ನ ಯಾರೋ ಹೆದರಿಸಿದ್ದಾರೆ." ಆಣೆ ಅನ್ನುವುದನ್ನು ಅವರಿಗೆ ಹೇಳಿಕೊಟ್ಟವಳು ನಾನೇ, ಈಗ ಬೇಡ ಅಂದರೆ ಬಿಡುತ್ತಾರಾ.

ಇವರ ಹೆಸರು ಹಾಕಲಿಲ್ಲ. ಬೆಳಿಗ್ಗೆ ಕೈ ಹಿಡಿದುಕೊಂಡು, "ಊರಲ್ಲಿ ತಲೆ ಎತ್ತಕ್ಕಾಗಲ್ಲ ಕಣೆ" ಅಂದಿದ್ದರು. ಮದುವೆಯಾದಾಗಿನಿಂದ ಹಾಗೆ ಕೈ ಹಿಡಿದವರಲ್ಲ.

ಜೂನ್ 25, ಮಂಗಳವಾರ

ವಳ್ಳೂರಿಗೆ ಹೋಗಿ ಬಂದೆ. ಪಾವಗಡ ದಾಟಿ ತಿರುಮಣಿ ಬಂದ ಮೇಲೆ ಎರಡೂ ಕಡೆ ಬರೀ ಸೋಲಾರ್ ಪ್ಲೇಟುಗಳು. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಹಣ್ಣು, ಹೂವು, ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತೆ.

ನರಸಮ್ಮ ಚಾಪೆ ಹಾಸಿದಳು. ಲಾವಣ್ಯ ಒಳಗಿನಿಂದ ಬಂದಳು. ಕೆನ್ನೆ ಒಳಗೆ ಹೋಗಿದೆ. "ಅಕ್ಕಾ, ಬಿಸಿಲಲ್ಲಿ ಯಾಕ್ ಬಂದ್ರಿ, ಬರ್ರಿ, ಕೂಕಳಿ" ಅಂತ ನನಗೇ ನೀರು ಕೊಟ್ಟಳು. ತಪ್ಪಾಯಿತು ಅಂದೆ. ಕಾಲು ಮುಟ್ಟಲು ಹೋದೆ. ಬಿಡಲಿಲ್ಲ.

ರಾಮಾಂಜನೇಯ ಕಂಬಕ್ಕೊರಗಿ ನಿಂತಿದ್ದ. "ಯಾರು ಅಂತ ಗೊತ್ತಾಯ್ತಾ?" ಅಂದ.

"ಯಾರೋ... ಗೊತ್ತಾಗಲಿಲ್ಲ."

ಹೇಳಿಬಿಟ್ಟೆ. ಅವರ ಮನೆಯ ನೀರು ಕುಡಿದ ಬಾಯಲ್ಲೇ ಹೇಳಿಬಿಟ್ಟೆ. ಲಾವಣ್ಯ ಅವನ ಕಡೆ ತಿರುಗಿ, "ಕೇಳಿದ್ರಾ, ಅಕ್ಕನೇ ಹೇಳ್ತಾವ್ರೆ ನಾನಲ್ಲ ಅಂತ" ಅಂದಳು. ಎಷ್ಟು ನಂಬಿಕೆ ಆ ಮುಖದಲ್ಲಿ. ಬರುವಾಗ ಕುಂಕುಮ ಕೊಟ್ಟಳು. ಬಸ್ಸಿನಲ್ಲಿ ಕೂತು ಹಣೆ ಒರೆಸಿಕೊಂಡೆ, ಅದನ್ನು ಉಳಿಸಿಕೊಳ್ಳಲು ಧೈರ್ಯ ಬರಲಿಲ್ಲ.

ಜೂನ್ 28, ಶುಕ್ರವಾರ. ಬೆಳಿಗ್ಗೆ

ಲಾವಣ್ಯ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಮೆಲ್ಲಗೆ ಮಾತಾಡಿದ್ದಾಳೆ, ಪಕ್ಕದಲ್ಲಿ ಯಾರೋ ಇದ್ದ ಹಾಗೆ.

"ಅಕ್ಕಾ, ತಪ್ಪು ತಿಳ್ಕೋಬ್ಯಾಡಿ. ಇವ್ರಿಗೆ ಇನ್ನೂ ನಂಬಿಕೆ ಬಂದಿಲ್ಲ. ಯಾರೋ ಅಂದ್ರೆ ಆ ಯಾರೋ ನೀನೂ ಆಗ್ಬೋದಲ್ಲ ಅಂತಾರೆ. ನಾಳಿದ್ದು ತವರಿಗೆ ಬುಟ್ಟು ಬರ್ತಾರಂತೆ. ನೀವು ಕರ್ಪೂರ ಹಚ್ಚಿ, ಯಾರು ಅಂತ ನಂಗೊತ್ತಿಲ್ಲ, ಲಾವಣ್ಯ ಅಂತೂ ಅಲ್ಲ ಅಂತ ಒಂದ್ ವಿಡಿಯೋ ಕಳ್ಸಿದ್ರೆ ನಂಬ್ತೀನಿ ಅಂತವ್ರೆ. ನೀವು ಬಸ್ರಿ ಅಲ್ವಲ್ಲಕ್ಕ. ನಿಮಗೇನೂ ಆಗಲ್ಲ."

ಅದೇ ದಿನ, ಮಧ್ಯಾಹ್ನ

ಇವರಿಗೆ ಕೇಳಿಸಿದೆ. ತಲೆ ತಗ್ಗಿಸಿ ಕೂತು ಕೇಳಿದರು.

"ಗೊತ್ತಿಲ್ಲ ಅನ್ನೋದು ಬಿಟ್ಬುಡು. ಅವಳಲ್ಲ ಅನ್ನೋದಷ್ಟೇ ಹೇಳು. ಅದು ನಿಜಾನೇ ಅಲ್ವಾ" ಅಂದರು.

"ಅಷ್ಟೇ ಹೇಳಿದ್ದಕ್ಕೆ ತಾನೇ ಯಾರೂ ನಂಬದೆ ಇರೋದು?"

"ಹೆಸ್ರು ಹಾಕ್ಬುಟ್ರೆ ನಾಳೆಯಿಂದ ನಾನು ಅಂಗಡೀಲಿ ಹೆಂಗೆ ಕೂತ್ಕಳ್ಳಿ?"

"ವಳ್ಳೂರಲ್ಲಿ ಅವ್ಳು ಕೂತಿದ್ದಾಳಲ್ಲ, ಅಂಗೆ."

ಎದ್ದು ಹೋದರು. ಬೇಡ ಅಂತ ಹೇಳಿ ಹೋಗಲಿಲ್ಲ. ಹಾಕು ಅಂತಲೂ ಹೇಳಲಿಲ್ಲ.

ವಿಡಿಯೋ ಮಾಡುವುದಿಲ್ಲ. ಕರ್ಪೂರ ಸಾಕು, ಆಣೆ ಸಾಕು. ನೆಟ್ಟಗೆ ಬರೆಯುತ್ತೇನೆ. ಬ್ಲೌಸ್ ತರುವವರು ತರದಿರಬಹುದು. ಗಂಡನನ್ನು ಬೀದಿಗೆಳೆದಳು ಅನ್ನುತ್ತಾರೆ, ಅನ್ನಲಿ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ, ಯಾರೂ ಸಾಯುವುದಿಲ್ಲ. ನಾಳಿದ್ದಿನವರೆಗೆ ಕಾದರೆ ಅವಳ ಗಂಟು ಬಸ್ಸು ಹತ್ತಿರುತ್ತದೆ.

ಹಾಕಿದೆ. "ಆ ಅಕೌಂಟ್ ಲಾವಣ್ಯಳದ್ದಲ್ಲ. ನನ್ನ ಗಂಡ ರಂಗೇಶ್ ಅವರದ್ದು. ಅವರೇ ಒಪ್ಪಿಕೊಂಡಿದ್ದಾರೆ." ರಾಮಾಂಜನೇಯನ ನಂಬರಿಗೂ ಕಳಿಸಿದೆ. ಫೋನು ಕುಂಯ್ ಕುಂಯ್ ಅನ್ನುತ್ತಲೇ ಇದೆ. ಬಗ್ಗಿ ನೋಡಿದೆ. "ಪಾಪ ಅಕ್ಕ." "ಅಕ್ಕನದೇನು ತಪ್ಪು?" "ಇಂಥ ಗಂಡನ ಜೊತೆ ಹೆಂಗೆ ಬಾಳ್ತೀರಕ್ಕ?"

ನನ್ನದೇನು ತಪ್ಪು ಅಂತೆ. ಎಲ್ಲರೂ ನನ್ನ ಪರ. ಇಷ್ಟಕ್ಕೇ ಬಿಟ್ಟರೆ ನಾನು ಗೆದ್ದ ಹಾಗೆ. ಇದರ ಕೆಳಗೆ ಇನ್ನೊಂದು ಸಾಲು ಬರೆಯಬೇಕು, ಅದು ನನ್ನದು. ಫೋನಿನಲ್ಲಿ ಬರುತ್ತಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಅವಳನ್ನು ಕಳ್ಳಿ ಅಂದದ್ದನ್ನೂ ಬಂಜೆ ಅಂದದ್ದನ್ನೂ ನಾನು ನೋಡಿದ್ದೆ, ಅಳಿಸಬಹುದಿತ್ತು, ಆದರೆ ನನಗೆ ಆವತ್ತು, ಸ್ವಲ್ಪ ಅನುಭವಿಸಲಿ ಅಂತ...