ಲೆಕ್ಕಕ್ಕೆ ಸಿಕ್ಕ ಜಗಳ

ಶಿವರಂಜಿನಿ,

ಇವತ್ತು ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ನನಗೆ ಹಾರ ಹಾಕಿದರು. ಇಲ್ಲಿನವರು ಬರೆದದ್ದರಲ್ಲಿ ಬೇರೆ ಸಂಶೋಧಕರು ಅತಿ ಹೆಚ್ಚು ಸಲ ಉಲ್ಲೇಖಿಸಿದ ಲೇಖನ ನನ್ನದಂತೆ. ಅರಿಶಿನದ ಸಾಲುಗಳ ನಡುವೆ ಚೆಂಡುಹೂ ಹಾಕಿದರೆ ಬೇರಿಗೆ ಹುಳ ಬರುವುದಿಲ್ಲ ಎಂದು ಬರೆದಿದ್ದೆನಲ್ಲ, ಅದೇ. ನಿನಗಲ್ಲದೆ ಯಾರಿಗೆ ಹೇಳಲಿ? ಈ ಪತ್ರ ಕಳಿಸುವ ಧೈರ್ಯವಂತೂ ಇಲ್ಲ.

ಚಪ್ಪಾಳೆ ಮುಗಿದ ಮೇಲೆ ಲೈಬ್ರರಿಯ ನಾಗೇಂದ್ರ, "ಯಾರ್‍ಯಾರು ಬರ್ದವ್ರೆ ನೋಡನ ಬನ್ನಿ ಮೇಡಂ" ಎಂದು ಕಂಪ್ಯೂಟರ್ ತೆರೆದರು. ಪುಟದ ತುಂಬ ನಿನ್ನದೇ ಹೆಸರು! ಒಂದೊಂದೇ ತೆರೆದು ಓದಿದೆ. ಗುಂಡ್ಲುಪೇಟೆಯಲ್ಲಿ ಹಾಗಾಗಲಿಲ್ಲ, ಚಂದಕವಾಡಿಯಲ್ಲೂ ಆಗಲಿಲ್ಲ, ಶೃತಿಯವರ ತೀರ್ಮಾನ ಸರಿಯಲ್ಲ ಎಂದು ನನ್ನ ಹೆಸರು ಹಿಡಿದೇ ಪ್ರತಿ ಲೇಖನದಲ್ಲೂ ಬರೆದಿದ್ದೀಯ. ತಪ್ಪು ಎಂದು ಹೆಸರು ಹೇಳಿದರೂ ಈ ಲೆಕ್ಕದಲ್ಲಿ ಅದು ಉಲ್ಲೇಖವೇ.

"ಇವ್ರು ನಿಮ್ ಫ್ರೆಂಡಾ ಮೇಡಂ? ಒಂದ್ಸಲಾನೂ ಬುಡ್ದೆ ಬರ್ದವ್ರಲ್ಲ!" ಎಂದರು ನಾಗೇಂದ್ರ. ಹೂಂ ಅಂದೆ.

ಆ ಲೇಖನಕ್ಕಾಗಿ ನಾನು ನೋಡಿದ ಉಡಿಗಾಲದ ತೋಟದಲ್ಲಿ, ಕೈಯೆಲ್ಲ ಮಣ್ಣಾಗಿ, ನೀನು ಅಂದೇ ಹೇಳಿದ್ದೆ: "ಒಂದ್ ತೋಟ ನೋಡ್ಬುಟ್ಟು ಎಲ್ಲಾ ಕಡೆ ಇಂಗೇ ಅಂತ ಬರೀಬ್ಯಾಡ ಕಣಮ್ಮಿ." ಆಮೇಲೆ ನಾವು ಮಾತಾಡಿಲ್ಲ.

ನಾಗೇಂದ್ರ ಎದ್ದುಹೋದ ಮೇಲೆ ಈ ವರ್ಷದ ನಿನ್ನ ಹೊಸ ಲೇಖನ ಹುಡುಕಿದೆ. ಅದೇ ಅರಿಶಿನ, ಅದೇ ಚೆಂಡುಹೂ. ಕೊನೆಯ ಸಾಲಿನವರೆಗೂ ಬೆರಳಿಟ್ಟು ನೋಡಿದೆ. ಎಲ್ಲೂ ನನ್ನ ಹೆಸರಿಲ್ಲ.

ಬಯ್ಯುವುದನ್ನೂ ಬಿಟ್ಟುಬಿಟ್ಟೆಯಾ?